ಮೂರನೇ ಸಲ ಕೇಳುವವರೆಗೆ

ನಮ್ಮೂರಿನಲ್ಲಿ ತಟ್ಟೆಯ ಕೊನೆಯ ತುಂಡನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಯ ಜೊತೆ ನಿಂಬೆ ಬಾರ್, ಅಂದರೆ ಚೌಕಚೌಕವಾಗಿ ಕತ್ತರಿಸಿದ ಹುಳಿಸಿಹಿ ತಿಂಡಿ, ಇಟ್ಟಿರುತ್ತಾರೆ. ಟ್ರೇ ತುಂಬಿರುವಾಗ ಎಲ್ಲರ ಕೈಯೂ ಧಾರಾಳ. ಒಂದೇ ಒಂದು ಚೌಕ ಉಳಿಯಿತೋ, ಅಷ್ಟೂ ಜನಕ್ಕೆ ಒಮ್ಮೆಲೇ ಹೊಟ್ಟೆ ತುಂಬಿಬಿಡುತ್ತದೆ. ಯಾರೋ ಚಾಕು ತಂದು ಅದನ್ನು ಅರ್ಧ ಮಾಡಿ ಅರ್ಧ ತಿನ್ನುತ್ತಾರೆ. ಇನ್ನೊಬ್ಬರು ಬಂದು ಉಳಿದದ್ದರಲ್ಲಿ ಅರ್ಧ. ಕೊನೆಗೆ ಇರುವೆಯೂ ಮೂಸದಷ್ಟು ಸಣ್ಣ ಚೂರೊಂದು ತಟ್ಟೆಯ ನಡುವೆ ಕೂತಿರುತ್ತದೆ. ಪಾತ್ರೆ ತೊಳೆಯುವ ಸರದಿ ಯಾರದೋ ಅವರು ಅದನ್ನು ಕಸಕ್ಕೆ ಹಾಕುತ್ತಾರೆ.

ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲವೂ ಬೇಡ ಅನ್ನಬೇಕು. ಮೂರನೇ ಸಲ ಕೇಳಿದಾಗ, "ನೀವು ಅಷ್ಟು ಹೇಳ್ತಿದೀರಲ್ಲ, ಸರಿ," ಎಂದು ಒಪ್ಪಿಕೊಳ್ಳಬೇಕು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಮಿನ್ನೆಸೋಟಾದ ಈ ಬಡಗಣ ಮೂಲೆಯಲ್ಲಿ ಹುಟ್ಟಿದ ಮಗುವಿಗೆ ಇದು ಹಾಲಿನ ಜೊತೆಗೇ ಇಳಿದಿರುತ್ತದೆ.

ನಾನು ಸಿಗ್ನೆ ಟಾಲೆಫ್ಸನ್. ಐವತ್ತು ದಾಟಿದೆ, ಗಂಡ ಲೈಲ್ ತೀರಿಕೊಂಡ ಮೇಲೆ ಒಂಟಿ. ಊರಿನ ಟಿಂಬರ್ ಡಿಪೊದಲ್ಲಿ ಫೋನು ಎತ್ತುತ್ತ, ಯಾವ ಲಾರಿ ಎಲ್ಲಿಗೆ ಹೋಗಬೇಕೆಂದು ಹೇಳುತ್ತ ಕೂದಲು ನರೆಸಿಕೊಂಡವಳು. ಹಿಮ ಕರಗುವ ಹೊತ್ತಿಗೆ ಡಿಪೊಗೆ ಬೀಗ ಬಿತ್ತು. ಪಕ್ಕದ ಮೇಜಿನ ಕೊರಿನ್ ಆಹೋ, ನಾನು, ಇಬ್ಬರೂ ನಮ್ಮ ನಮ್ಮ ಕಾಫಿ ಲೋಟ, ಹೂಕುಂಡ ಎತ್ತಿಕೊಂಡು ಒಟ್ಟಿಗೇ ಹೊರಗೆ ಬಂದೆವು. "ಏನ್ಮಾಡೋಕಾಗುತ್ತೆ, ಇದಕ್ಕಿಂತ ಕೆಟ್ಟದಾಗಬಹುದಿತ್ತು," ಅಂದಳು ಕೊರಿನ್. "ಹೌದು," ಅಂದೆ. ನಮ್ಮ ಕಡೆ ಗೋಳಾಡುವುದು ಅಂದರೆ ಅಷ್ಟೇ.

ಅಲ್ಲಿಂದಾಚೆಗೆ ನಾನು ಕಾಲು ಸುಟ್ಟ ಬೆಕ್ಕಾದೆ. ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂರುವುದು, ಕೆಲಸದ ಜಾಹೀರಾತು ಓದುವುದು, ಓದಿದೊಡನೆ ಎದ್ದು ಬಚ್ಚಲುಮನೆ ತಿಕ್ಕುವುದು. ಮತ್ತೆ ಬಂದು ಕೂತು ಅರ್ಜಿ ತುಂಬುತ್ತಿದ್ದೆ. ಕಳಿಸುವ ಗುಂಡಿಯ ಹತ್ತಿರ ಬೆರಳು ಹೋದರೆ ಸಾಕು, ನಿನ್ನನ್ನು ಯಾರು ತಗೋತಾರೆ, ಇಷ್ಟು ವರ್ಷ ಆ ಡಿಪೊದವರು ನಿನ್ನನ್ನು ಇಟ್ಟುಕೊಂಡಿದ್ದೇ ದಾಕ್ಷಿಣ್ಯಕ್ಕೆ ಎಂದು ಒಳಗೊಂದು ದನಿ ಶುರುವಾಗುತ್ತಿತ್ತು. ಎಲ್ಲ ಅಳಿಸಿಹಾಕಿ, ಅಡುಗೆಮನೆಯ ಕಪಾಟು ಖಾಲಿ ಮಾಡಿ, ಪುನಃ ಜೋಡಿಸುತ್ತಿದ್ದೆ. ಆ ಬೇಸಿಗೆಯಲ್ಲಿ ನನ್ನ ಮನೆಯಷ್ಟು ಚೊಕ್ಕ ಮನೆ ಇಡೀ ಕೌಂಟಿಯಲ್ಲಿ ಇರಲಿಲ್ಲ. ನೋಡಿದವರು ಹೊಗಳುತ್ತಿದ್ದರು. ನನಗೆ ಮಾತ್ರ ಆ ಹೊಳೆಯುವ ನಲ್ಲಿ ಕಂಡರೆ ಅಳು ಬರುತ್ತಿತ್ತು.

ಅಕ್ಟೋಬರಿನಲ್ಲಿ ಕೌಂಟಿಯ ರಸ್ತೆ ಇಲಾಖೆಯಲ್ಲಿ ಒಂದು ಕೆಲಸ ಖಾಲಿಯಾಯಿತು. ಹಿಮ ತಳ್ಳುವ ಲಾರಿಗಳ ಡ್ರೈವರುಗಳೊಂದಿಗೆ ವೈರ್‌ಲೆಸ್ಸಿನಲ್ಲಿ ಮಾತಾಡುವ ಕೆಲಸ. ಗಾಳಿಯೂ ಹಿಮವೂ ಒಟ್ಟಿಗೆ ಎದ್ದಾಗ ರಸ್ತೆಯಲ್ಲಿರುವವನಿಗೆ ಎದುರಿನ ಕಂಬ ಕಾಣುವುದಿಲ್ಲ. ಕಿವಿಯಲ್ಲಿ ಒಂದು ದನಿ ಇರುತ್ತದೆ, ಅದನ್ನು ನಂಬಿ ಅವನು ಗಾಡಿ ಓಡಿಸುತ್ತಾನೆ. ಆ ದನಿ ನನ್ನದಾಗಬೇಕು ಅನ್ನಿಸಿತು. ಲೈಲ್ ಹೋದ ಮೇಲೆ ಮನೆಯಲ್ಲಿ ನನ್ನ ಮಾತು ಕೇಳುವವರಿರಲಿಲ್ಲ, ಡಿಪೊ ಮುಚ್ಚಿದ ಮೇಲೆ ಹೊರಗೂ ಇಲ್ಲವಾದರು. ಏನನ್ನಾದರೂ ಇಷ್ಟು ಆಸೆಪಟ್ಟು ಎಷ್ಟೋ ಕಾಲವಾಗಿತ್ತು. ಆಸೆ ಇಷ್ಟು ದೊಡ್ಡದಾದ್ದರಿಂದಲೇ ಹೆದರಿಕೆಯೂ ಅಷ್ಟೇ ದೊಡ್ಡದಿತ್ತು.

ಆ ಅರ್ಜಿಯನ್ನು ಕಳಿಸಿದ್ದು ನಾನಲ್ಲ, ನನ್ನಕ್ಕ ಆರ್ಡಿಸ್. ನಾನು ಬರೆದು ಮುಗಿಸಿ ಮೀನ ಮೇಷ ಎಣಿಸುತ್ತಿದ್ದಾಗ ಹಿಂದಿನಿಂದ ಬಂದು, ಹಿಟ್ಟು ಮೆತ್ತಿದ ಬೆರಳಲ್ಲಿ ಗುಂಡಿ ಒತ್ತಿದಳು.

"ಹೋಯ್ತು," ಅಂದಳು. "ಇನ್ನು ಹೋಗಿ ಕಪಾಟು ಜೋಡಿಸ್ಕೋ."

ಆರ್ಡಿಸ್ ಆಯುಷ್ಯವೆಲ್ಲ ಶಾಲೆಯ ಬಸ್ಸು ಓಡಿಸಿದವಳು. ಗದ್ದಲದ ಮಕ್ಕಳನ್ನು ಒಂದೇ ಕೂಗಿಗೆ ಕೂರಿಸಿ ಅಭ್ಯಾಸ. ನಮ್ಮ ಮನೆತನದಲ್ಲಿ ಬಾಯಿ ಅಂತ ಇರುವುದು ಅವಳೊಬ್ಬಳಿಗೇ. ಇವಳನ್ನು ಸರೋವರದ ಬಂದರಿನಲ್ಲಿ ಯಾರೋ ಬಿಟ್ಟುಹೋಗಿದ್ದರು ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. ಸಂದರ್ಶನದ ದಿನ ಕಾರು ಓಡಿಸಿದ್ದೂ ಅವಳೇ. ನನ್ನ ಕೈಗೆ ಸ್ಟೇರಿಂಗ್ ಕೊಟ್ಟರೆ ಕಾರು ಸೀದಾ ಸರೋವರಕ್ಕೆ ಇಳಿಯುತ್ತದಂತೆ.

"ಈಗ ನಾನೇ ಇಂಟರ್ವ್ಯೂ ಮಾಡೋ ಸಾಹೇಬ ಅಂದ್ಕೋ," ಅಂದಳು, ಹೆದ್ದಾರಿಗೆ ತಿರುಗಿಸುತ್ತ. "ನಿಮ್ಮಲ್ಲಿರೋ ಒಳ್ಳೇ ಗುಣ ಏನಮ್ಮ?"

"ಅಂಥದ್ದೇನಿಲ್ಲ."

"ಲೇ!"

"ಫೋನಲ್ಲಿ ಮಾತಾಡೋದು… ಅಷ್ಟೇನೂ ಕೆಟ್ಟದಾಗಿ ಮಾಡಲ್ಲ."

"ಅಷ್ಟೇನೂ ಕೆಟ್ಟದಾಗಿ ಮಾಡಲ್ವಾ? ಅವನೇನು ನಿನ್ನೆ ಮಾಡಿದ ಸೂಪು ಹಳಸಿದ್ಯಾ ಅಂತ ಕೇಳ್ತಿದಾನಾ? ಚೆನ್ನಾಗಿ ಮಾಡ್ತೀನಿ ಅನ್ನೇ."

"ಚೆನ್ನಾಗಿ…" ನಾಲಿಗೆ ಅಲ್ಲಿಗೇ ನಿಂತಿತು.

"ಮಾಡ್ತೀನಿ! ಒಂದು ಮಾತಾಡೋಕೆ ಏನು ಹೆರಿಗೆ ನೋವಾ?"

"ಹಾಗೆಲ್ಲ ಹೇಳ್ಕೊಂಡ್ರೆ ಕೇಳಿದೋರು ಏನಂತಾರಕ್ಕ?"

"ಈ ಕಾರಲ್ಲಿ ಯಾವ ಕೇಳೋರಿದಾರೆ? ಹಿಂದಿನ ಸೀಟಲ್ಲಿ ಪಾದ್ರಿ ಕೂತಿದಾರಾ?"

ನಾನು ತಿರುಗಿ ನೋಡಿದೆ. ನಿಜವಾಗಿಯೂ ನೋಡಿದೆ. ಆರ್ಡಿಸ್ ನಗಲಿಲ್ಲ, ನಿಟ್ಟುಸಿರು ಬಿಟ್ಟಳು. ದಾರಿಯುದ್ದಕ್ಕೂ ನಾನು ಕೈಗವುಸು ಹಾಕುವುದು, ತೆಗೆಯುವುದು, ಹಾಕುವುದು ಮಾಡುತ್ತಲೇ ಇದ್ದೆ. ಒಂದು ಸಲ ಅವಳೇ ಅದನ್ನು ಕಿತ್ತು ತನ್ನ ತೊಡೆಯ ಕೆಳಗೆ ಇಟ್ಟುಕೊಂಡಳು. ಆಮೇಲೆ ನಾನು ಕೋಟಿನ ಗುಂಡಿಗೆ ಕೈ ಹಾಕಿದೆ.

ಸಾಹೇಬನ ಹೆಸರು ರೇ ವಿಟಾಲೆ. ನ್ಯೂಜೆರ್ಸಿಯವನು, ಆ ಬೇಸಿಗೆಯಲ್ಲಷ್ಟೇ ಬಂದು ಇಲಾಖೆ ಹಿಡಿದಿದ್ದ. ಅವನ ವಿಷಯ ಊರಿನವರು ಬಿರುಗಾಳಿಯ ಸುದ್ದಿಯ ಹಾಗೆ ಮಾತಾಡಿಕೊಳ್ಳುತ್ತಿದ್ದರು. ಹಾರನ್ ಹೊಡೀತಾನಂತೆ. ಸೂಪು ಚಪ್ಪೆ ಇದೆ ಅಂತ ಹೋಟೆಲಿನವಳಿಗೆ ಮುಖಕ್ಕೇ ಹೇಳಿದನಂತೆ. ನನ್ನನ್ನು ಕಂಡೊಡನೆ ಅರ್ಧ ಎದ್ದು ಕುರ್ಚಿ ಎಳೆದುಕೊಟ್ಟ.

"ಬನ್ನಿ, ಬನ್ನಿ. ಸಾರ್ ಗೀರ್ ಎಲ್ಲ ಬೇಡ, ರೇ ಅನ್ನಿ. ಕಾಫಿ?"

"ಬೇಡ, ಇರಲಿ."

"ಸರಿ," ಎಂದು ತನಗೆ ಮಾತ್ರ ಬಗ್ಗಿಸಿಕೊಂಡ. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ನನಗೆ ಕಾಫಿ ಬೇಕೇಬೇಕಿತ್ತು, ಗಂಟಲು ಒಣಗಿ ಮರದ ಪುಡಿಯಾಗಿತ್ತು.

ಅವನ ಮೇಜಿನ ಮೇಲೆ ಯಾರೋ ತಂದಿಟ್ಟಿದ್ದ ತಟ್ಟೆ. ಅದರಲ್ಲಿ ನಿಂಬೆ ಬಾರಿನ ಒಂದೇ ಚೌಕ, ಅದೂ ಅರ್ಧ ಕತ್ತರಿಸಿದ್ದು. ಇಲಾಖೆಯ ಗಂಡಸರೂ ನಮ್ಮೂರಿನವರೇ ತಾನೇ. ನಾನು ಅವನ ಮುಖ ನೋಡಲಾರದೆ ಆ ತುಂಡನ್ನೇ ನೋಡುತ್ತ ಉತ್ತರ ಹೇಳತೊಡಗಿದೆ. ಮೊದಮೊದಲು ಎಲ್ಲದಕ್ಕೂ ಹೂಂ, ಇಲ್ಲ, ಇರಬಹುದು. ಆಮೇಲೆ ಅವನು ಕೇಳಿದ, "ಎದುರಿಗೆ ಏನೂ ಕಾಣಲ್ಲ, ಡ್ರೈವರು ಹೆದರಿಕೊಂಡು ವೈರ್‌ಲೆಸ್ಸಲ್ಲಿ ಕಿರುಚ್ತಿದಾನೆ. ಏನ್ಮಾಡ್ತೀರಿ?"

"ನಾನು ಕಿರುಚಲ್ಲ," ಅಂದೆ. "ಸಣ್ಣ ದನೀಲಿ ಅವನ ಹೆಸರು ಕರೀತೀನಿ. ಅವನಿಗೆ ನನ್ನ ಮಾತು ಕೇಳಬೇಕು ಅಂದ್ರೆ ಅವನು ಸುಮ್ಮನಾಗ್ಲೇಬೇಕು. ಸುಮ್ಮನಾದ ಮೇಲೆ, ಗಾಡಿ ನಿಲ್ಲಿಸು, ನಾನಿಲ್ಲೇ ಇದೀನಿ ಅಂತೀನಿ. ಆಮೇಲೆ ಉಳಿದಿದ್ದು."

ಇದೆಲ್ಲಿಂದ ಬಂತೋ ಗೊತ್ತಿಲ್ಲ. ಲೈಲ್‌ಗೆ ಕೊನೆಕೊನೆಗೆ ಉಸಿರು ಕಟ್ಟಿದಾಗ ನಾನು ಮಾಡುತ್ತಿದ್ದದ್ದು ಅದೇ ಇರಬೇಕು. ವಿಟಾಲೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದ.

"ನಾನು ಸುತ್ತಿ ಬಳಸಿ ಮಾತಾಡೋನಲ್ಲ," ಅಂದ. "ಇನ್ನೊಬ್ಬರು ಬರೋರಿದಾರೆ, ಅವರಿಗೆ ನಾನು ಹೇಳ್ಕೋತೀನಿ. ಈ ಕೆಲಸ ನಿಮ್ಮದು. ತಗೋತೀರಾ?"

ಬೇಸಿಗೆಯಿಡೀ ಯಾವ ಮಾತಿಗಾಗಿ ಒದ್ದಾಡಿದೆನೋ ಆ ಮಾತು ಮೇಜಿನ ಮೇಲೆ ಇತ್ತು. ನಾನು ಬಾಯಿ ತೆರೆದೆ. ನನ್ನ ಬಾಯಿಂದ ಬಂದದ್ದು ಇದು:

"ಅಯ್ಯೋ, ಬೇಡ ಬಿಡಿ. ನನಗಿಂತ ಚೆನ್ನಾಗಿ ಮಾಡೋರು ಎಷ್ಟೋ ಜನ ಇರ್ತಾರೆ."

ಅವನ ಹುಬ್ಬು ಮೇಲೇರಿತು. "ಏನು? ನಿಜವಾಗ್ಲೂ ಬೇಡ್ವಾ?"

"ಇಲ್ಲ ಇಲ್ಲ, ನನಗೋಸ್ಕರ ತೊಂದರೆ ತಗೋಬೇಡಿ. ಇನ್ನೊಬ್ಬರು ಬರ್ತಿದಾರಲ್ಲ, ಅವರನ್ನ ನೋಡಿ."

ಹೇಳಿ, ತಲೆ ತಗ್ಗಿಸಿ ಕಾದೆ. ನಮ್ಮೂರಿನ ಯಾವ ಗಂಡಸೇ ಆಗಿದ್ದರೂ ಈಗ ಕುರ್ಚಿಗೆ ಒರಗಿ, ಹವಾಮಾನದ ಮಾತು ತೆಗೆದು, ಸರೋವರದ ಮೇಲೆ ಮೋಡ ಕಟ್ಟಿದೆಯಲ್ಲ ಎಂದು, ಹಾಗೇ ಸುತ್ತಿಕೊಂಡು ಬಂದು ಮೂರನೇ ಸಲ ಕೇಳುತ್ತಿದ್ದ. ವಿಟಾಲೆ ಎದ್ದು ನಿಂತು ಕೈ ಚಾಚಿದ.

"ಬೇಜಾರಾಯ್ತು. ಆದ್ರೆ ನಿಮ್ಮ ಮಾತಿಗೆ ಬೆಲೆ ಕೊಡ್ತೀನಿ. ನೇರವಾಗಿ ಹೇಳಿದ್ರಲ್ಲ, ಅದು ನಂಗೆ ಇಷ್ಟ ಆಯ್ತು."

ನೇರವಾಗಿ! ಜನ್ಮದಲ್ಲಿ ನಾನು ಅಷ್ಟು ಡೊಂಕಾಗಿ ಮಾತಾಡಿರಲಿಲ್ಲ. ನಾನು ಬಾಗಿಲು ದಾಟುವಾಗ ಅವನು ಯೋಚನೆಯಲ್ಲಿ ಮುಳುಗಿ, ತಟ್ಟೆಯ ಆ ಕೊನೆಯ ತುಂಡನ್ನು ಎತ್ತಿ ಪೂರ್ತಿ ಬಾಯಿಗೆ ಹಾಕಿಕೊಂಡ. ಒಂದು ಚೂರೂ ಬಿಡಲಿಲ್ಲ. ನಾನು ನೋಡುತ್ತ ನಿಂತುಬಿಟ್ಟೆ.

ಕಾರಿನಲ್ಲಿ ಆರ್ಡಿಸ್ ಹೀಟರ್ ಹಾಕಿಕೊಂಡು ಕೂತಿದ್ದಳು.

"ಏನಂದ?"

"ಕೆಲಸ ಕೊಟ್ಟ."

"ಕೊಟ್ನಾ!" ಅವಳು ಸ್ಟೇರಿಂಗಿಗೆ ಹೊಡೆದ ಏಟಿಗೆ ಹಾರನ್ ಕೂಗಿತು. "ನಾನು ಹೇಳಲಿಲ್ವಾ, ಹೇಳಲಿಲ್ವಾ ನಿಂಗೆ!"

"ಬೇಡ ಅಂದೆ."

ಅವಳು ಸ್ಟೇರಿಂಗಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು.

"ಎಷ್ಟು ಸಲ?" ಅಂದಳು.

"ಎರಡು."

"ಮತ್ತೆ ಮೂರನೇ ಸಲ?"

"ಕೇಳಲೇ ಇಲ್ಲ."

"ಅವನು ನ್ಯೂಜೆರ್ಸಿಯೋನು ಕಣೇ ಕತ್ತೆ! ಅವರ ಕಡೆ ಬೇಡ ಅಂದ್ರೆ ಬೇಡ ಅಂತಲೇ! ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ನೀನೇ ಮಾಡ್ಕೊಂಡ್ಯಲ್ಲ. ಇಳಿ, ಇಳಿ ಕಾರಿಂದ. ಹೋಗಿ ಬೇಕು ಅನ್ನು."

"ಹೋಗಿ ಕೇಳೋದಾ? ಅತ್ತೂ ಕರೆದೂ ಔತಣ ಹೇಳಿಸ್ಕೊಂಡ ಹಾಗೆ? ಛೀ. ಅಮ್ಮ ಇದ್ದಿದ್ರೆ…"

"ಅಮ್ಮ ಸತ್ತು ಎಷ್ಟು ಕಾಲ ಆಯ್ತು!"

ನಾನು ಕೋಟಿನ ಗುಂಡಿ ತಿರುವುತ್ತ ಕೂತೆ. ಅವಳಿಗೆ ಹೇಳಲಾಗದ ಮಾತೊಂದಿತ್ತು. ಅವನು ಕೈ ಚಾಚಿ ಸರಿ ಎಂದಾಗ ನನಗೆ ಆದದ್ದು ಬರೀ ಸಂಕಟವಲ್ಲ. ಒಳಗೆಲ್ಲೋ ಒಂದು ಕಡೆ ಹಾಯೆನಿಸಿತ್ತು. ಇನ್ನು ಯಾರೂ ನನ್ನನ್ನು ಪರೀಕ್ಷೆ ಮಾಡುವುದಿಲ್ಲ, ಬಿರುಗಾಳಿಯಲ್ಲಿ ಯಾರೂ ನನ್ನ ದನಿ ನಂಬಿ ಮೋಸ ಹೋಗುವುದಿಲ್ಲ, ಮನೆಗೆ ಹೋಗಿ ಕಪಾಟು ಜೋಡಿಸಬಹುದು. ಅತಿ ವಿನಯ ಧೂರ್ತರ ಲಕ್ಷಣ ಅನ್ನುತ್ತಾರಲ್ಲ, ಹೇಡಿಗಳಿಗೂ ಅದೇ ಲಕ್ಷಣ ಎಂದು ನನಗೆ ಗೊತ್ತಾದದ್ದು ಆ ಕಾರಿನಲ್ಲಿ.

ಅಷ್ಟರಲ್ಲಿ ಪಕ್ಕದಲ್ಲಿ ಒಂದು ಹಳೆಯ ನೀಲಿ ಕಾರು ಬಂದು ನಿಂತಿತು. ಅದರಿಂದ ಇಳಿದವಳು ಕೊರಿನ್ ಆಹೋ. ಅವಳು ಚರ್ಚಿಗೆ ಹಾಕುವ ಕೋಟು ಹಾಕಿಕೊಂಡಿದ್ದಳು. ಡಿಪೊ ಮುಚ್ಚಿದ ಮೇಲೆ ನಾವಿಬ್ಬರೂ ವಾರವಾರ ಒಂದೇ ಬೆಂಚಿನಲ್ಲಿ ಕೂತು ಪ್ರಾರ್ಥನೆ ಮಾಡಿದ್ದೇವೆ, ಕೆಲಸದ ಮಾತು ಮಾತ್ರ ಒಬ್ಬರೂ ಎತ್ತಿದವರಲ್ಲ. ಅವಳು ನನ್ನನ್ನು ನೋಡಿದಳು. ನಾನು ಕೈ ಬೀಸಿದೆ. ಅವಳೂ ಬೀಸಿದಳು. ವಿಟಾಲೆ ಹೇಳಿದ ಇನ್ನೊಬ್ಬರು ಅವಳೇ ಎಂದು ನನಗೆ, ನಾನು ಯಾಕೆ ಬಂದಿದ್ದೆನೆಂದು ಅವಳಿಗೆ ಅರ್ಥವಾಯಿತು. ಅವಳು ಬಾಗಿಲಿನತ್ತ ನಡೆದಳು, ನಡುವೆ ಒಮ್ಮೆ ನಿಂತು ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದಳು.

"ಕೊರಿನ್ ನನಗಿಂತ ಚೆನ್ನಾಗಿ ಮಾಡ್ತಾಳೆ," ಅಂದೆ. "ಆಗಿದ್ದೆಲ್ಲ ಒಳ್ಳೇದಕ್ಕೇ. ನಡಿ ಅಕ್ಕ, ಮನೆಗೆ ಹೋಗಣ."

ಆರ್ಡಿಸ್ ಗೇರಿಗೆ ಕೈ ಹಾಕಲಿಲ್ಲ.

"ನಿಂಗೊಂದು ಮಾತು ಕೇಳ್ತೀನಿ," ಅಂದಳು. ದನಿ ಇಳಿದಿತ್ತು, ಅದಕ್ಕೇ ನನಗೆ ಹೆದರಿಕೆಯಾಯಿತು. "ಹೋದ ವಾರ ನಿನ್ನ ಫ್ರಿಜ್ ತೆಗೆದೆ. ಕೇಕಿನ ಡಬ್ಬೀಲಿ ಒಂದೇ ಒಂದು ಚೂರು, ಹಸಿರು ಬೂಷ್ಟು ಹಿಡಿದಿತ್ತು. ಅದಕ್ಕೂ ಮುಂಚೆ ಬಂದಾಗ ಬಿಸ್ಕತ್ತಿನ ಡಬ್ಬೀಲಿ ಒಂದೇ ಒಂದು, ಮೆತ್ತಗಾಗಿತ್ತು. ಆ ಮನೇಲಿ ನೀನೊಬ್ಬಳೇ ಇರೋದು. ಕೊನೇ ತುಂಡು ಯಾರಿಗೆ ಬಿಡ್ತೀಯೇ?"

ಲೈಲ್‌ಗೆ ಎಂದು ಹೇಳೋಣವೆಂದರೆ ಅದು ಸುಳ್ಳು. ಅವನಿದ್ದಾಗಲೂ ಹಾಗೇ ಬಿಡುತ್ತಿದ್ದೆ, ಅವನು ಬೈಯುತ್ತಿದ್ದ. ಯಾರೂ ಇಲ್ಲದ ಮನೆಯಲ್ಲಿ, ಯಾರೂ ಕೇಳದ ಒಂದು ತುಂಡಿಗೆ ನಾನು ಲಾಯಕ್ಕಲ್ಲ ಎಂದುಕೊಂಡು ದಿನವೂ ಡಬ್ಬಿಯ ಮುಚ್ಚಳ ಹಾಕುತ್ತಿದ್ದೆ. ಇದಕ್ಕೆ ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದೆ.

ಕಾರಿನ ಬಾಗಿಲು ತೆಗೆದು ಇಳಿದೆ. ಇಲಾಖೆಯ ಬಾಗಿಲವರೆಗೆ ಹೋದೆ, ಹಿಡಿಕೆ ಮುಟ್ಟಿದೆ, ತಿರುಗಿ ಕಾರಿಗೆ ಬಂದೆ. ಆರ್ಡಿಸ್ ಒಳಗಿನಿಂದ ಬೀಗ ಒತ್ತಿಬಿಟ್ಟಳು. ಕಿಟಕಿ ಬಡಿದೆ. ಅವಳು ರೇಡಿಯೋ ಜೋರು ಮಾಡಿ ಎದುರಿನ ಗೋಡೆ ನೋಡುತ್ತ ಕೂತಳು. ಕೈಗವುಸು ಅವಳ ತೊಡೆಯ ಕೆಳಗೇ ಉಳಿದಿತ್ತು, ಸರೋವರದ ಮೇಲಿನ ಗಾಳಿ ಬೆರಳು ಕೊರೆಯುತ್ತಿತ್ತು. ಬಾಯಿಗೆ ಬಂದದ್ದನ್ನು ಬೈದುಕೊಂಡು ಮತ್ತೆ ಬಾಗಿಲಿಗೆ ಹೋದೆ.

ಒಳಗಿನ ಓಣಿಯಲ್ಲಿ ಯಾರೂ ಇರಲಿಲ್ಲ. ವಿಟಾಲೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಅವನದು ಪಿಸುಮಾತೂ ಬೀದಿಗೆ ಕೇಳುವ ಗಂಟಲು.

"ಹಾಗಾದ್ರೆ ಆಯ್ತು ಕೊರಿನ್. ಈ ಕೆಲಸ ನೀವು ಮಾಡ್ತೀರಾ?"

"ಅಯ್ಯೋ, ನಾನ್ಯಾಕೆ," ಕೊರಿನ್ ದನಿ. "ಸಿಗ್ನೆ ಇದಾಳಲ್ಲ, ಅವಳು ತುಂಬ ಒಳ್ಳೆಯವಳು."

"ಅವರು ಬೇಡ ಅಂದ್ರು! ಈಗ ತಾನೇ, ಇದೇ ಕುರ್ಚೀಲಿ ಕೂತು! ನಿಮಗೆ ಬೇಕೋ ಬೇಡ್ವೋ?"

"ಬೇಡ ಬಿಡಿ, ನಿಮಗ್ಯಾಕೆ ಸುಮ್ಮನೆ ತೊಂದರೆ."

ಇದು ಎರಡನೆಯದು. ನಾನು ಬಾಗಿಲ ಹೊರಗೇ ನಿಂತೆ. ಒಳಗೆ ವಿಟಾಲೆ ಕುರ್ಚಿಯಲ್ಲಿ ದೊಪ್ಪನೆ ಒರಗಿದ ಸದ್ದು. ನಿಟ್ಟುಸಿರು. ಆಮೇಲೆ, ನನ್ನ ಹಣೆಬರಹ ನೋಡಿ, ಅವನು ಕಿಟಕಿಯತ್ತ ತಿರುಗಿ ಹವಾಮಾನದ ಮಾತು ತೆಗೆದ.

"ಹಿಮ ಬೀಳೋ ಹಾಗಿದೆ," ಅಂದ.

"ಬೀಳುತ್ತೆ," ಅಂದಳು ಕೊರಿನ್.

ವಿಟಾಲೆ ಅದನ್ನು ಬೇಕಂತ ಅಂದದ್ದಲ್ಲ, ಬೇಸತ್ತು ಅಂದದ್ದು. ಆದರೂ ಅವನು ಈಗ ಮೂರನೇ ಸಲ ಕೇಳುತ್ತಾನೆ ಎಂದು ನನಗೆ ಗೊತ್ತಾಯಿತು. ಕೊರಿನ್‌ಗೂ ಗೊತ್ತಾಗಿತ್ತು, ಅವಳು ಕುರ್ಚಿಯಲ್ಲಿ ಮುಂದಕ್ಕೆ ಸರಿದ ಸದ್ದು ಕೇಳಿಸಿತು. "ನೋಡಿ ಕೊರಿನ್…" ಎಂದು ಅವನು ಶುರುಮಾಡಿದ.

ನಾನು ಬಾಗಿಲು ತಳ್ಳಿ ಒಳಗೆ ಹೋದೆ.

"ನನಗೆ ಬೇಕು," ಅಂದೆ.

ಇಬ್ಬರೂ ತಿರುಗಿದರು. ಕೈ ಎಲ್ಲಿಡುವುದೋ ತಿಳಿಯದೆ ಕೋಟಿನ ಗುಂಡಿಯನ್ನು ಹಿಡಿದುಕೊಂಡಿದ್ದೆ. ಅದು ಕಿತ್ತು ಕೈಗೇ ಬಂತು.

"ಆ ಕೆಲಸ ನನಗೆ ಬೇಕು. ಆಗಲೂ ಬೇಕಿತ್ತು. ನಮ್ಮ ಕಡೆ ಮೂರು ಸಲ ಕೇಳ್ಬೇಕು, ನೀವು ಎರಡೇ ಸಲ ಕೇಳಿದ್ರಿ." ಅಲ್ಲಿಗೆ ನಿಲ್ಲಿಸಬಹುದಿತ್ತು. ಕೊರಿನ್ ಮುಖ ನೋಡಿದ ಮೇಲೆ ಆಗಲಿಲ್ಲ. "ಇವಳೂ ಬೇಡ ಅಂದಿದ್ದು ಬೇಡ ಅಂತಲ್ಲ. ಇವಳಿಗೂ ಬೇಕು. ಒಳ್ಳೇ ಕೆಲಸಗಾತಿ. ಅದೂ ನಿಮಗೆ ಗೊತ್ತಿರಲಿ."

ವಿಟಾಲೆ ಎರಡೂ ಕೈಯಿಂದ ತಲೆ ಹಿಡಿದುಕೊಂಡ. "ಮೂರು ಸಲ! ದೇವರೇ! ಇಲ್ಲಿಗೆ ಬಂದಾಗಿಂದ ಯಾರೂ ನನ್ನ ಮನೆಗೆ ಊಟಕ್ಕೆ ಬರ್ತಿಲ್ಲ. ನನ್ನ ಹೆಂಡತಿ ದಿನಾ ಅಳ್ತಾಳೆ."

"ಅವರು ಬರ್ತಾರೆ," ಅಂದಳು ಕೊರಿನ್ ಮೆಲ್ಲಗೆ. "ನೀವು ಕರೀತಾ ಇರ್ಬೇಕು."

ಅವನು ತಲೆಯಿಂದ ಕೈ ತೆಗೆದ. ಆಮೇಲೆ ನನ್ನ ಕಡೆ ತಿರುಗಿದ. "ನಾನು ಮೊದಲು ಕೇಳಿದ್ದು ನಿಮ್ಮನ್ನ. ಆ ಹೆಸರು ಹಿಡಿದು ಕರೀತೀನಿ ಅಂದ ಮಾತಿಗೇ ಕೇಳಿದ್ದು. ಈಗ ನಮ್ಮ ನ್ಯೂಜೆರ್ಸಿ ಪದ್ಧತೀಲಿ ಕೇಳ್ತೀನಿ, ಒಂದೇ ಸಲ. ಸಿಗ್ನೆ, ಬೇಕಾ?"

ಕೊರಿನ್ ನನ್ನ ಪಕ್ಕದಲ್ಲೇ ಇದ್ದಳು, ಅವಳ ಕೋಟಿನ ಕರ್ಪೂರದ ವಾಸನೆ ಬರುತ್ತಿತ್ತು. 'ಕೊರಿನ್‌ಗೆ ಕೊಡಿ' ಅನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿ ಕೂತಿತ್ತು. ಅದು ಎಷ್ಟು ಸುಲಭದ ಮಾತು, ಎಷ್ಟು ಸಜ್ಜನಿಕೆಯ ಮಾತು. ಹೇಳಿದ್ದರೆ ಊರೆಲ್ಲ ನನ್ನನ್ನು ಹೊಗಳುತ್ತಿತ್ತು. ನಾನು ಅದನ್ನು ನುಂಗಿಕೊಂಡೆ.

"ಹೂಂ," ಅಂದೆ. "ಬೇಕು. ಚೆನ್ನಾಗಿ ಮಾಡ್ತೀನಿ."

ಹೊರಗಿನ ಓಣಿಯಲ್ಲಿ ಕೊರಿನ್ ಕೈಗವುಸು ಹಾಕಿಕೊಳ್ಳುತ್ತ ನಿಂತಳು. ಒಂದೊಂದು ಬೆರಳನ್ನೂ ಎಳೆದು ಸರಿಮಾಡಿಕೊಂಡಳು.

"ಅವನು ಮೂರನೇ ಸಲ ಕೇಳೋನಿದ್ದ ಕಣೇ," ಅಂದಳು.

"ಗೊತ್ತು," ಅಂದೆ. "ಅದಕ್ಕೇ ಒಳಗೆ ಬಂದೆ."

ಅವಳು ತಲೆಯಾಡಿಸಿದಳು. "ಇದಕ್ಕಿಂತ ಕೆಟ್ಟದಾಗಬಹುದಿತ್ತು," ಎಂದು ಬಾಗಿಲು ತೆಗೆದುಕೊಂಡು ಹೋದಳು. ನಮ್ಮೂರಿನಲ್ಲಿ ಸಿಟ್ಟು ಬಂದವರು ಬಾಗಿಲು ಬಡಿಯುವುದಿಲ್ಲ, ಇನ್ನೂ ಮೆಲ್ಲಗೆ ಮುಚ್ಚುತ್ತಾರೆ. ಆ ಬಾಗಿಲು ಸದ್ದೇ ಇಲ್ಲದೆ ಮುಚ್ಚಿಕೊಂಡಿತು.

ಅದಾದ ಮೇಲೆ ಹಿಮ ಬಿತ್ತು. ವೈರ್‌ಲೆಸ್ಸಿನ ಗುಂಡಿ ಒತ್ತುವ ಮೊದಲು ಈಗಲೂ ನನಗೆ ಹೆದರಿಕೆಯಾಗುತ್ತದೆ, ಅದು ಹೋಗಲಿ ಎಂದು ಕಾಯುವುದನ್ನು ಮಾತ್ರ ಬಿಟ್ಟಿದ್ದೇನೆ. ಒಂದು ಮಧ್ಯಾಹ್ನ ಸರೋವರದ ದಾರಿಯಲ್ಲಿ ನಮ್ಮ ಡ್ರೈವರೊಬ್ಬ ಹಿಮದ ಬಿಳಿ ಗೋಡೆಯೊಳಗೆ ಸಿಕ್ಕಿಕೊಂಡು ಕೂಗಾಡಿದ. ಸಣ್ಣ ದನಿಯಲ್ಲಿ ಅವನ ಹೆಸರು ಕರೆದೆ. ಮತ್ತೆ ಕರೆದೆ. ಅವನು ಸುಮ್ಮನಾದ. "ಇದೀಯಾ ಸಿಗ್ನೆ?" ಅಂದ. "ಇದೀನಿ," ಅಂದೆ. ಅಷ್ಟು ಸಂತೋಷ ನನಗೆ ಬಹಳ ಕಾಲದಿಂದ ಆಗಿರಲಿಲ್ಲ.

ಚರ್ಚಿನಲ್ಲಿ ಮಾತ್ರ ಕೊರಿನ್ ಬೇರೆ ಬೆಂಚಿಗೆ ಹೋದಳು. ಸಿಕ್ಕಾಗ ನಗುತ್ತಿದ್ದಳು, ಚೆನ್ನಾಗಿದೀಯಾ ಅನ್ನುತ್ತಿದ್ದಳು, ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಮನಸ್ಸು ಹಗಲೆಲ್ಲ ಹೊರಳಾಡುತ್ತಿತ್ತು. ಆರ್ಡಿಸ್‌ಗೆ ಹೇಳಿದರೆ, "ಕಪಾಟು ಜೋಡಿಸೋ ಕೆಲಸ ಈಗ ತಲೆಯೊಳಗೆ ಶುರು ಮಾಡ್ಕೊಂಡ್ಯಾ?" ಅಂದಳು.

ಹಾಗೇ ಒಂದು ಭಾನುವಾರ, ನೆಲಮಾಳಿಗೆಯಲ್ಲಿ ಕಾಫಿ. ಆವತ್ತು ಬಾರ್ ಮಾಡಿ ತಂದವಳು ಕೊರಿನ್. ಮಾತಾಡುತ್ತ ಮಾತಾಡುತ್ತ ತಟ್ಟೆ ಖಾಲಿಯಾಗಿ ಒಂದು ಚೌಕ ಉಳಿಯಿತು, ಎಲ್ಲರಿಗೂ ಹೊಟ್ಟೆ ತುಂಬಿತು. ಯಾರೋ ಚಾಕು ಹುಡುಕತೊಡಗಿದರು. ಕೊರಿನ್ ತಟ್ಟೆ ಎತ್ತಿಕೊಂಡು ಸೀದಾ ನನ್ನ ಮುಂದೆ ಬಂದು ನಿಂತಳು.

"ತಗೋ ಸಿಗ್ನೆ. ಕೊನೇದು."

ಚಾಕು ಹುಡುಕುತ್ತಿದ್ದವರು ಹುಡುಕುವುದನ್ನು ಬಿಟ್ಟರು. ನನ್ನ ಬಾಯಲ್ಲಿ 'ಬೇಡ' ತಯಾರಾಗಿತ್ತು.

"ಒಂದೇ ಸಲ ಕೇಳೋದು," ಅಂದಳು.

ತೆಗೆದುಕೊಂಡೆ. ಅರ್ಧ ಮಾಡಲಿಲ್ಲ, ಪೂರ್ತಿ ತಿಂದೆ, ಎಲ್ಲರೂ ನೋಡುತ್ತಿರುವಾಗಲೇ. ಸಕ್ಕರೆ ಪುಡಿ ಅಂಗಿಯ ಮೇಲೆಲ್ಲ ಉದುರಿತು.

"ಹೇಗಿದೆ?"

ಇದಕ್ಕೆ ನಮ್ಮೂರಿನಲ್ಲಿ ಇರುವುದು ಒಂದೇ ಉತ್ತರ, ಅಷ್ಟೇನೂ ಕೆಟ್ಟದಾಗಿಲ್ಲ. "ತುಂಬಾ ಚೆನ್ನಾಗಿದೆ ಕೊರಿನ್," ಅಂದೆ.

ಅಯ್ಯೋ, ಈ ಸಲ ಗಟ್ಟಿಯಾಗಿಬಿಟ್ಟಿತು, ಏನೂ ಚೆನ್ನಾಗಿಲ್ಲ, ಎಂದು ಅವಳು ಅನ್ನಬೇಕಿತ್ತು. ಅನ್ನಲಿಲ್ಲ.

"ಗೊತ್ತು," ಅಂದಳು. "ನಾಳೆ ಆಸ್ಪತ್ರೇಲಿ ನಂಗೆ ಇಂಟರ್ವ್ಯೂ ಇದೆ. ಈ ಸಲ ನನ್ನ ಕೈಲಿ ಕಾರು ಓಡಿಸೋಕಾಗಲ್ಲ. ಬರ್ತೀಯಾ?"

ಆಗ ನೋಡಿದೆ. ಖಾಲಿ ತಟ್ಟೆಯನ್ನು ಅವಳು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಾಯಿಸುತ್ತಲೇ ಇದ್ದಳು.

"ಬರ್ತೀನಿ," ಅಂದೆ, ಮೊದಲನೇ ಸಲಕ್ಕೇ.